ಮುಳ್ಳಿಲ್ಲದ ಗಡಿಯಾರ

ರಾತ್ರಿ ಎರಡು ಗಂಟೆಗೆ ನಮ್ಮೂರಲ್ಲಿ ಯಾರ್ಯಾರು ಎದ್ದಿರ್ತಾರೆ ಅಂತ ನನ್ನ ಕೇಳಿ, ಮನೆ ಮನೆ ಲೆಕ್ಕ ಕೊಡ್ತೀನಿ. ತ್ರೀ ಫೇಸ್ ಬಂತು ಅಂತ ಟಾರ್ಚ್ ಹಿಡ್ಕೊಂಡು ಬೋರ್‌ವೆಲ್ ಹತ್ರ ಹೋಗೋರು, ರೇಷ್ಮೆ ಹುಳ ಕೊನೇ ಹಂತಕ್ಕೆ ಬಂದಿರೋ ಮನೆಯಲ್ಲಿ ಸೊಪ್ಪು ಹಾಕೋರು, ನಾಯಿಗಳು, ಆಮೇಲೆ ನಾನು. ಅವರಿಗೆಲ್ಲ ಎದ್ದಿರೋಕೆ ಒಂದು ಕಾರಣ ಇತ್ತು, ನಾಯಿಗೂ ಇತ್ತು, ನಂಗೆ ಮಾತ್ರ ಇರ್ಲಿಲ್ಲ.

ಶಿಡ್ಲಘಟ್ಟದಿಂದ ಒಂದು ಹತ್ತು ಕಿಲೋಮೀಟರ್ ಆಗುತ್ತೆ ನಮ್ಮೂರು. ಮನೇಲಿ ರೇಷ್ಮೆ, ಹೊಲದಲ್ಲಿ ಹಿಪ್ಪುನೇರಳೆ, ನಾನು ಮದುವೆ ಫೋಟೋಗ್ರಾಫರ್. ಮದುವೆ ಕೆಲಸ ಗೊತ್ತಿರೋರಿಗೆ ಗೊತ್ತು, ರಿಸೆಪ್ಶನ್ ಮುಗಿಯೋದು ಹನ್ನೊಂದೂವರೆಗೆ, ಹುಡುಗನ ಕಡೆ ಫ್ರೆಂಡ್ಸ್ ಗ್ರೂಪ್ ಫೋಟೋ ಅಂತ ಇನ್ನರ್ಧ ಗಂಟೆ, ಆಮೇಲೆ ಛತ್ರದ ಯಾವುದೋ ರೂಮಲ್ಲಿ ಬ್ಯಾಟರಿ ಚಾರ್ಜಿಗೆ ಹಾಕಿ ಅದರ ಪಕ್ಕ ಚಾಪೆ ಮೇಲೆ ಒರಗಿದ್ರೆ ನಾಲ್ಕು ಗಂಟೆಗೆ ನಾದಸ್ವರದೋರು ಶ್ರುತಿ ಹಿಡೀತಾರೆ. ಎಂಟು ವರ್ಷ ಹಿಂಗೇ ಹೋಯ್ತು. ಸೀಸನ್ ಮುಗಿದ ಮೇಲೆ ನಿದ್ದೆ ವಾಪಸ್ ಬರ್ತಿತ್ತು ಪಾಪ, ಆದ್ರೆ ಒಂದು ವರ್ಷದ ಸೀಸನ್ ಆದ್ಮೇಲೆ ಬರ್ಲೇ ಇಲ್ಲ. ಆಷಾಢ ಕಳೀತು, ಶ್ರಾವಣ ಬಂತು, ನಾನು ಮಾತ್ರ ಹಂಚಿನ ಸಂದಿ ನೋಡ್ಕೊಂಡು ಮಲಗೇ ಇದ್ದೆ.

ವಾರಕ್ಕೆ ಮೂರು ರಾತ್ರಿಯಾದ್ರೂ ಹಿಂಗಾಗಿ ಅದು ಮೂರು ತಿಂಗಳು ನಡೆದ್ರೆ ದೀರ್ಘಕಾಲದ ನಿದ್ರಾಹೀನತೆ ಅಂತ ಡಾಕ್ಟ್ರು ಲೆಕ್ಕ ಹಾಕ್ತಾರಂತೆ. ನಂದು ವಾರಕ್ಕೆ ಐದು ಇತ್ತು, ತಿಂಗಳು ಏಳಾಗಿತ್ತು. ಅಷ್ಟರಲ್ಲಿ ಅಮ್ಮ ಗಸಗಸೆ ಪಾಯಸ ಮಾಡಿದ್ಲು, ತಲೆಗೆ ಹರಳೆಣ್ಣೆ ತಟ್ಟಿದ್ಲು, ಚಿಂತಾಮಣಿ ಅತ್ತೆ ದೃಷ್ಟಿ ತೆಗೆದ್ಲು. ಅಪ್ಪ ಮಾತ್ರ ಏನೂ ಮಾಡ್ಲಿಲ್ಲ, "ಹೊಲದಾಗೆ ಬಗ್ಗಿ ಗೇಯ್ದ್ರೆ ನಿದ್ದೆ ತಾನೇ ಬತ್ತದೆ" ಅಂದ್ರು, ಅಷ್ಟೇ. ಇದು ಕೇಳಿದಾಗ್ಲೆಲ್ಲ ಮೈ ಉರೀತಿತ್ತು. ನಿದ್ದೆ ಬರ್ದೇ ಇರೋನಿಗೆ ನೀನು ಸೋಮಾರಿ ಅನ್ನೋದಕ್ಕಿಂತ ಕ್ರೂರ ಮಾತು ಇನ್ನೊಂದಿಲ್ಲ ಕಣ್ರೀ.

ಕೊನೆಗೆ ಡಾಕ್ಟ್ರ ಹತ್ರ ಹೋದೆ. ಮಾತ್ರೆ ಬರೀತಾರೆ ಅಂದ್ಕೊಂಡಿದ್ದೆ, ಅವರು ಒಂದು ನೋಟ್‌ಬುಕ್ ತಗೊಳ್ಳಿ ಅಂದ್ರು. ದಿನಾ ಎಷ್ಟೊತ್ತಿಗೆ ಮಲಗಿದೆ, ಎಷ್ಟು ಸಲ ಎದ್ದೆ, ಒಟ್ಟು ಎಷ್ಟು ನಿದ್ದೆ, ಎಲ್ಲ ಬರೀಬೇಕು. ಇನ್ನೊಂದು ಅಂದ್ರೆ, ಹಾಸಿಗೇಲಿ ಹೆಚ್ಚು ಕಮ್ಮಿ ಇಪ್ಪತ್ತು ನಿಮಿಷ ಆದ್ರೂ ನಿದ್ದೆ ಹತ್ತದಿದ್ರೆ ಎದ್ದು ಆಚೆ ಬಂದುಬಿಡಿ, ಕಣ್ಣು ಎಳೆಯೋಕೆ ಶುರುವಾದ್ರೆ ಮಾತ್ರ ವಾಪಸ್ ಹೋಗಿ, ಯಾಕಂದ್ರೆ ನಿಮ್ಮ ತಲೆಗೆ ಹಾಸಿಗೆ ಅಂದ್ರೆ ಒದ್ದಾಡೋ ಜಾಗ ಅಂತ ಅಭ್ಯಾಸ ಆಗೋಗಿದೆ, ಅದನ್ನ ಬಿಡಿಸ್ಬೇಕು ಅಂದ್ರು. ಗಡಿಯಾರ ನೋಡ್ಬೇಡಿ ಅಂತಾನೂ ಅಂದ್ರು. ನೋಡದೆ ಇಪ್ಪತ್ತು ನಿಮಿಷ ಹೆಂಗೆ ಗೊತ್ತಾಗುತ್ತೆ ಸಾರ್ ಅಂದ್ರೆ, ಅಂದಾಜು ಸಾಕು ಅಂತ ನಕ್ಕರು.

ಸರಿ, ಎದ್ದು ಆಚೆ ಬಂದೆ. ಬಂದು ಏನ್ಮಾಡೋದು? ಮೊಬೈಲ್ ಮುಟ್ಟೋ ಹಂಗಿಲ್ಲ. ಬ್ಯಾಗಲ್ಲಿ ಕ್ಯಾಮೆರಾ ಇತ್ತು.

ಮೊದಲ ಎರಡು ತಿಂಗಳು ತೆಗೆದ ಫೋಟೋಗಳನ್ನ ಈಗ ನೋಡೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ. ಚೆಲ್ಲಿರೋ ಮಾತ್ರೆಗಳು (ಅದೂ ಅಪ್ಪನ ಬಿಪಿ ಮಾತ್ರೆ), ಮೂರು ಗಂಟೆ ತೋರಿಸೋ ಅಲಾರಂ, ತಲೆ ಮೇಲೆ ಕೈ ಹೊತ್ತು ಕೂತಿರೋ ನಾನು, ಫೋಟೋಶಾಪಲ್ಲಿ ಇನ್ನಷ್ಟು ಕೆಂಪು ಮಾಡಿದ ನನ್ನ ಕೆಂಪು ಕಣ್ಣು. ಇನ್‌ಸ್ಟಾಗ್ರಾಂಗೆ ಹಾಕಿದ್ರೆ ಎಲ್ಲರೂ ಬೆಂಕಿ ಇಮೋಜಿ ಹಾಕಿದ್ರು. ಅದರಲ್ಲಿ ಒಂದೂ ನನ್ನ ರಾತ್ರಿ ಆಗಿರ್ಲಿಲ್ಲ. ನಿದ್ದೆ ಬರದಿರೋದು ಅಂದ್ರೆ ಏನು ಅಂತ ಆರಾಮಾಗಿ ನಿದ್ದೆ ಮಾಡೋನು ಊಹೆ ಮಾಡ್ಕೊಂಡು ತೆಗೆಯೋ ಥರ ಫೋಟೋ ಅವು. ನಿಜವಾದ ನಿದ್ದೆಗೇಡಿ ರಾತ್ರಿಯಲ್ಲಿ ಡ್ರಾಮಾ ಏನೂ ಇರಲ್ಲ, ಅದು ಉದ್ದ ಇರುತ್ತೆ ಅಷ್ಟೇ. ಆ ಉದ್ದಾನ ಸೆಕೆಂಡಿನ ನೂರಿಪ್ಪತ್ತೈದನೇ ಒಂದು ಭಾಗದಲ್ಲಿ ಹಿಡಿಯೋಕೆ ಹೋಗಿದ್ದೆ ನಾನು, ಮುಹೂರ್ತದ ಅಕ್ಷತೆ ಫ್ರೀಜ್ ಮಾಡೋ ಅಭ್ಯಾಸ ನೋಡಿ.

ಒಂದಿನ ಬೇಜಾರಾಗಿ ಬಲ್ಬ್ ಮೋಡಿಗೆ ಹಾಕಿ ರಿಮೋಟ್ ಲಾಕ್ ಮಾಡಿಟ್ಟೆ. ಬಲ್ಬ್ ಮೋಡ್ ಅಂದ್ರೆ ನಾವು ಬಿಡೋವರೆಗೂ ಶಟರ್ ತೆರೆದೇ ಇರುತ್ತೆ. ಬೆಳಕು ಆದಷ್ಟು ಕಮ್ಮಿ ಬೀಳ್ಲಿ ಅಂತ ಐಎಸ್‌ಒ 100, ಎಫ್ 16, ಮುಂದೆ ಕಪ್ಪು ಗಾಜಿನಂಥ ಒಂದು ಎನ್‌ಡಿ ಫಿಲ್ಟರ್, ಬೆಳಕಿಗೆ ಗೋಡೆ ಮೇಲಿನ ಜೀರೋ ವ್ಯಾಟ್ ಬಲ್ಬ್. ಎಚ್ಚರ ಆದಾಗ ತೆರೆಯೋದು, ಕಣ್ಣು ಎಳೆದಾಗ ಮುಚ್ಚೋದು, ಒಂದು ಎಚ್ಚರಕ್ಕೆ ಒಂದು ಫೋಟೋ. ಅವತ್ತು ಬರೋಬ್ಬರಿ ನಲವತ್ತು ನಿಮಿಷ ಆಯ್ತು.

ಬೆಳಿಗ್ಗೆ ಕಂಪ್ಯೂಟರಲ್ಲಿ ನೋಡಿದ್ರೆ ಮಂಚ ಇದೆ, ದಿಂಬು ಇದೆ, ಹೊದಿಕೆ ಜಾಗದಲ್ಲಿ ಹೊಗೆ ಥರ ಏನೋ ಇದೆ, ನಾನಿಲ್ಲ. ಮಗ್ಗುಲು ಬದಲಾಯಿಸಿ ಬದಲಾಯಿಸಿ, ಎದ್ದು ಕೂತು, ನೀರು ಕುಡಿಯೋಕೆ ಹೋಗಿ, ಎಲ್ಲೂ ಒಂದು ಕಡೆ ಕ್ಯಾಮೆರಾದೊಳಗೆ ಬೆಳಕು ಹಿಡಿಯೋ ಸೆನ್ಸರ್ ಮೇಲೆ ಬೀಳೋ ಅಷ್ಟು ಹೊತ್ತು ನಾನು ಇರಲೇ ಇಲ್ಲ. ಗೋಡೆ ಗಡಿಯಾರ ನೋಡಿ ಇನ್ನೂ ಆಶ್ಚರ್ಯ ಆಯ್ತು. ಅಂಕಿಗಳೆಲ್ಲ ಚೂಪಾಗಿ ಬಂದಿವೆ, ಸೆಕೆಂಡ್ ಮುಳ್ಳು ಮಾಯ, ನಿಮಿಷದ ಮುಳ್ಳು ನಲವತ್ತು ನಿಮಿಷದಲ್ಲಿ 240 ಡಿಗ್ರಿ ತಿರುಗಿರೋದ್ರಿಂದ ತೆಳ್ಳಗೆ ಬೂದಿ ಬಳಿದ ಬೀಸಣಿಗೆ ಥರ ಹರಡಿಕೊಂಡಿದೆ. ಮಾರನೇ ದಿನ ಬೇಕು ಅಂತಾನೇ ಪೂರ್ತಿ ಒಂದು ಗಂಟೆ ಬಿಟ್ಟೆ. ನಿಮಿಷದ ಮುಳ್ಳು ಒಂದು ಸುತ್ತು ಮುಗಿಸಿ ಎಲ್ಲಾ ಕಡೆ ಒಂದೇ ಸಮ ಸವರಿಕೊಂಡು ಪತ್ತೇನೇ ಇಲ್ಲ. ಗಂಟೆ ಮುಳ್ಳು ಒಂದರಿಂದ ಎರಡರವರೆಗೆ ಸಣ್ಣ ಕೊಳೆ ಕಲೆ. ಏಳು ತಿಂಗಳು ನಾನು ದಿಟ್ಟಿಸಿದ್ದ ಗಡಿಯಾರ ಇದೇ ಕಣ್ರೀ, ಎಷ್ಟು ನೋಡಿದ್ರೂ ಟೈಮ್ ಹೇಳದೇ ಇರೋದು.

ಪ್ಯಾರಿಸ್ಸಿನ ರಾತ್ರಿಗಳನ್ನ 1930ರ ಸುಮಾರಿಗೆ ತೆಗೀತಿದ್ದ ಬ್ರಸಾಯ್ ಅನ್ನೋ ಫೋಟೋಗ್ರಾಫರ್ ಎಕ್ಸ್‌ಪೋಶರ್ ಟೈಮನ್ನ, ಅಂದ್ರೆ ಶಟರ್ ತೆರೆದಿಡೋ ಹೊತ್ತನ್ನ, ಸಿಗರೇಟಲ್ಲಿ ಅಳೀತಿದ್ದನಂತೆ, ಬೆಳಕು ಸ್ವಲ್ಪ ಇದ್ರೆ ಒಂದು ಗೊಲ್ವಾಜ್ ಸಿಗರೇಟು, ಇನ್ನೂ ಕತ್ತಲಿದ್ರೆ ಒಂದು ಬೊಯಾರ್ ಸಿಗರೇಟು. ನಮ್ಮನೇಲಿ ಆ ಸುಖ ಇಲ್ಲ. ರೇಷ್ಮೆ ಹುಳ ಸಾಕೋ ಹುಳುಮನೆ ಹತ್ರ ಬೀಡಿ ಸಿಗರೇಟು ಹಚ್ಚೋ ಹಂಗಿಲ್ಲ, ತಂಬಾಕಿನ ಗಾಳಿಗೆ ಹುಳ ಸತ್ತೋಗ್ತವೆ. ಸೊಳ್ಳೆ ಬತ್ತಿ ಇಲ್ಲ, ಊದುಬತ್ತಿ ಇಲ್ಲ, ಮದುವೆಗೆ ಹೋಗಿ ಬಂದ ಸೆಂಟಿನ ಶರ್ಟನ್ನೂ ಅಮ್ಮ ಹೊರಗೇ ಬಿಚ್ಚಿಸ್ತಾಳೆ. ಹಾಗಾಗಿ ನಮ್ಮನೇಲಿ ನಿದ್ದೆ ಬರದೋನಿಗೆ ಸೊಳ್ಳೆ ಕಡಿತ ಬೋನಸ್. ನಾನು ಟೈಮ್ ಅಳೀತಿದ್ದಿದ್ದು ದೇವನಹಳ್ಳಿ ಕಡೆ ಇಳಿಯೋ ವಿಮಾನ ಎಣಿಸಿ.

ಇನ್ನೊಂದು ವಿಷ್ಯ ಹೇಳ್ಲೇಬೇಕು, ಕ್ಯಾಮೆರಾ ಇರೋರಿಗೆ ಇದು ಗೊತ್ತಿರುತ್ತೆ, ಆದ್ರೆ ನಂಗೆ ಇದು ಬೇರೆ ಥರ ತಟ್ಟಿತು. ಉದ್ದದ ಎಕ್ಸ್‌ಪೋಶರ್ ಮಾಡಿದ್ರೆ ಸೆನ್ಸರ್ ಬಿಸಿಯಾಗಿ ಅಲ್ಲಲ್ಲಿ ಕೆಂಪು ನೀಲಿ ಚುಕ್ಕೆ ಹುಟ್ಕೊಳ್ತವೆ, ಇಲ್ಲದ ನಕ್ಷತ್ರಗಳು. ಅದನ್ನ ತೆಗೆಯೋಕೆ ಕ್ಯಾಮೆರಾ ಏನ್ಮಾಡುತ್ತೆ ಅಂದ್ರೆ, ಫೋಟೋ ಮುಗಿದ ಮೇಲೆ ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತು ಇನ್ನೊಂದು ಫೋಟೋ ತೆಗೆಯುತ್ತೆ, ಬರೀ ಕತ್ತಲಿಂದು. ಡಾರ್ಕ್ ಫ್ರೇಮ್ ಅಂತಾರೆ. ಕಣ್ಣು ಮುಚ್ಚಿದಾಗಲೂ ಕಾಣ್ಸೋ ಚುಕ್ಕೆ ಇದ್ಯಲ್ಲ ಅದು ಹೊರಗಿಂದಲ್ಲ, ಅದು ಒಳಗಿಂದೇ ಅಂತ ಲೆಕ್ಕ ಹಾಕಿ ಮೊದಲ ಫೋಟೋದಿಂದ ಕಳೆಯುತ್ತೆ. ಒಂದು ಗಂಟೆ ಫೋಟೋಗೆ ಇನ್ನೊಂದು ಗಂಟೆ ಕಾಯ್ಬೇಕು. ನಂಗೂ ಇಂಥದೊಂದು ಸೆಟಿಂಗ್ ಇದ್ದಿದ್ರೆ ಅಂತ ಆ ಹೊತ್ತಲ್ಲಿ ಎಷ್ಟು ಸಲ ಅಂದ್ಕೊಂಡಿದೀನೋ. ಕಾರಿನ ಇಎಂಐ, ಬಾಕಿ ಉಳಿಸ್ಕೊಂಡ ಪಾರ್ಟಿ, ಹತ್ತು ವರ್ಷದ ಹಿಂದೆ ಯಾರೋ ಅಂದ ಮಾತು, ಇದ್ರಲ್ಲಿ ಯಾವುದು ರಾತ್ರಿದು ಯಾವುದು ನನ್ನ ತಲೆ ಬಿಸಿಯ ಚುಕ್ಕೆ.

ಒಂದಿನ ಆ ಡಾರ್ಕ್ ಫ್ರೇಮ್ ಕಾಯ್ತಾ ಕಾಯ್ತಾ ಪ್ಲಾಸ್ಟಿಕ್ ಕುರ್ಚಿಯಲ್ಲೇ ನಿದ್ದೆ ಹೋಗಿಬಿಟ್ಟೆ. ಕಣ್ಣು ಬಿಟ್ರೆ ಬೆಳಕು ಹರಿದಿದೆ, ಕುತ್ತಿಗೆ ಹಿಡ್ಕೊಂಡಿದೆ, ಬ್ಯಾಟರಿ ಸತ್ತಿದೆ, ಕಾರ್ಡಲ್ಲಿ ಫೋಟೋ ಇಲ್ಲ. ತಿಂಗಳುಗಟ್ಲೆ ಆದ್ಮೇಲೆ ಬಂದ ಒಳ್ಳೇ ನಿದ್ದೆ, ಅದೂ ಫೋಟೋ ಹೋಯ್ತಲ್ಲ ಅಂತ ಅವತ್ತು ಪೂರ್ತಿ ಕೊರಗಿದೆ ನೋಡಿ, ಎಂಥಾ ಮುಟ್ಠಾಳ.

ನೋಟ್‌ಬುಕ್ ತೋರಿಸೋಕೆ ಹೋದಾಗ ಡಾಕ್ಟ್ರಿಗೆ ಫೋಟೋನೂ ತೋರಿಸಿದೆ. ಖುಷಿ ಪಡ್ತಾರೆ ಅಂದ್ಕೊಂಡ್ರೆ ಬೈದ್ರು. ಎದ್ದು ಬಂದು ಬೇಜಾರಾಗೋ ಕೆಲಸ ಮಾಡಿ ಅಂದಿದ್ದೆ, ಹುರುಪು ಬರೋ ಕೆಲಸ ಅಲ್ಲ, ನೀವೀಗ ಫೋಟೋಗೋಸ್ಕರ ಎದ್ದಿರ್ತಿದ್ದೀರಿ ಅಂದ್ರು. ಸತ್ಯ. ಅದಾದ್ಮೇಲೆ ವಾರಕ್ಕೆ ಎರಡು ರಾತ್ರಿ ಮಾತ್ರ ಕ್ಯಾಮೆರಾ ಅಂತ ಒಪ್ಪಂದ ಆಯ್ತು. ಇಲ್ಲಿ ಒಂದು ಮಾತು, ನಿದ್ದೆ ಇಲ್ಲದಿದ್ರೆ ಕಲೆ ಹುಟ್ಟುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅವರಿಗೆ ಒಂದು ವಾರ ನನ್ನ ತಲೆನೋವು ಕೊಡ್ತೀನಿ, ಇಟ್ಕೊಂಡು ನೋಡ್ಲಿ. ನಿದ್ದೆಗೆಟ್ಟ ದಿನಗಳಲ್ಲಿ ಒಂದು ಮದುವೇಲಿ ತಾಳಿ ಕಟ್ಟೋ ಹೊತ್ತಿಗೆ ಫೋಕಸ್ ತಪ್ಪಿಸಿದ್ದೆ. ಆ ಹುಡುಗಿ ಅಪ್ಪನ ಮುಖ ಇನ್ನೂ ಮರ್ತಿಲ್ಲ.

ಅದೇ ಡಾಕ್ಟ್ರು ಇನ್ನೊಂದು ಹೇಳಿದ್ರು, ನಿದ್ದೆ ಬರಲ್ಲ ಅನ್ನೋರಲ್ಲಿ ಬಹಳ ಜನ ತಾವು ಮಾಡಿರೋ ನಿದ್ದೇನ ಕಮ್ಮಿ ಲೆಕ್ಕ ಹಾಕ್ತಾರೆ ಅಂತ. ನಂಗೆ ಸಿಟ್ಟು ಬಂತು. ನಾನು ಸುಳ್ಳು ಹೇಳ್ತಿದೀನಾ? ಆಮೇಲೆ ಓದ್ತಾ ಓದ್ತಾ ಟೆಡ್ ಸ್ಪಾಗ್ನಾ ಅನ್ನೋ ಅಮೆರಿಕದ ಫೋಟೋಗ್ರಾಫರ್ ಸಿಕ್ಕಿದ. ಮಲಗಿರೋರ ಮೇಲೆ ಕ್ಯಾಮೆರಾ ಕಟ್ಟಿ ರಾತ್ರಿಯಿಡೀ ಹದಿನೈದು ನಿಮಿಷಕ್ಕೊಂದು ಫೋಟೋ ತೆಗೆಯೋದು ಅವನ ಕೆಲಸ. ಅಲನ್ ಹಾಬ್ಸನ್ ಅನ್ನೋ ನಿದ್ದೆ ವಿಜ್ಞಾನಿ ಅದನ್ನ ನೋಡಿ ಜೊತೆ ಸೇರ್ಕೊಂಡ್ರು, ಮಲಗಿದೋರು ಯಾವಾಗ ಅಲುಗ್ತಾರೆ, ಯಾವಾಗ ಸ್ತಬ್ಧ ಆಗ್ತಾರೆ ಅನ್ನೋದಕ್ಕೂ ನಿದ್ದೆಯ ಹಂತಗಳಿಗೂ ಸಂಬಂಧ ಇದೆ ಅಂತ 1978ರಲ್ಲಿ ಸೈನ್ಸ್ ಪತ್ರಿಕೇಲಿ ಬರೆದ್ರು. ಕಲೆ ಅಂತ ಶುರುವಾಗಿದ್ದು ಲ್ಯಾಬಿನ ಸಾಕ್ಷಿ ಆಗೋಯ್ತು.

ನಾನೂ ತೊಲೆಗೆ ಕ್ಯಾಮೆರಾ ಕಟ್ಟಿದೆ, ಆರು ರಾತ್ರಿ, ಹದಿನೈದು ನಿಮಿಷಕ್ಕೊಂದು. ಮೂರನೇ ರಾತ್ರಿ ನೋಟ್‌ಬುಕ್ಕಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆ, "ನಿದ್ದೆ ಸೊನ್ನೆ". ಫೋಟೋ ಜೋಡಿಸಿದ್ರೆ 2:15ರಿಂದ 3:45ರವರೆಗೆ ಏಳು ಫ್ರೇಮಲ್ಲಿ ಒಂದೇ ಭಂಗಿ. ಬಲಗೈ ಕೆನ್ನೆ ಕೆಳಗೆ, ಎಡಗಾಲು ಮಂಚದ ಆಚೆ, ಪಾದದ ಮೇಲೆ ಸೊಳ್ಳೆ ಕೂತಿದ್ರೂ ಗೊತ್ತಾಗದ ಥರ. ಅಲುಗಾಡದೆ ಬಿದ್ದಿದ್ದ ಮಾತ್ರಕ್ಕೆ ನಿದ್ದೆ ಅಂತ ಹೇಳೋಕಾಗಲ್ಲ, ನಿಜ, ಆದ್ರೆ ಅಮ್ಮ "ಅವತ್ತು ನಿನ್ನ ಗೊರಕೆ ಪಡಸಾಲೆಗೆ ಕೇಳ್ತಿತ್ತಲ್ಲ" ಅಂತ ಸಾಕ್ಷಿ ಹೇಳಿಬಿಟ್ಲು. ಎಂಟು ವರ್ಷದಿಂದ ಬೇರೆಯವರಿಗೆ ನಿಮ್ಮ ಮುಖ ಹಿಂಗಿದೆ ನೋಡಿ ಅಂತ ತೋರಿಸ್ಕೊಂಡು ಬಂದವನು ನಾನು, ಅವತ್ತು ಮೊದಲ ಸಲ ನನ್ನ ಫೋಟೋ ನನ್ನನ್ನೇ ಸುಳ್ಳುಗಾರ ಮಾಡ್ತು. ಆ ಏಳು ಫ್ರೇಮ್ ಈಗ ಒಂದೇ ಪ್ರಿಂಟಲ್ಲಿ ಇದೆ, ಕೆಳಗೆ ನೋಟ್‌ಬುಕ್ಕಿನ ಆ ಸಾಲು.

ಇನ್ನು ಹುಳದ ಫೋಟೋ. ನಮ್ಮ ಕಡೆ ರೇಷ್ಮೆ ಹುಳ ಪೊರೆ ಬಿಡೋದಕ್ಕೆ ಜ್ವರ ಅಂತೀವಿ. ಒಟ್ಟು ನಾಲ್ಕು ಜ್ವರ. ಆಗ ಹುಳ ಸೊಪ್ಪು ಮುಟ್ಟಲ್ಲ, ತಲೆ ಎತ್ತಿಕೊಂಡು ಹಂಗೇ ಕಲ್ಲಿನ ಥರ ಕೂತಿರುತ್ತೆ, ನಾಲ್ಕನೇ ಜ್ವರ ಆದ್ರೆ ಒಂದು ದಿನದ ಮೇಲೇನೇ. ಅಮ್ಮ ಮೇಲೆ ಸುಣ್ಣದ ಪುಡಿ ಉದುರಿಸ್ತಾಳೆ ತೇವ ಆರ್ಲಿ ಅಂತ, ತಟ್ಟೆ ತುಂಬ ವಿಭೂತಿ ಬಳ್ಕೊಂಡು ತಪಸ್ಸಿಗೆ ಕೂತಂಗೆ ಇರ್ತವೆ. ಆಗ ಯಾರೂ ಜೋರಾಗಿ ಮಾತಾಡಲ್ಲ ನಮ್ಮನೇಲಿ. ಜ್ವರ ಎದ್ದಮೇಲೆ ಹುಳುಮನೆ ಬಾಗಿಲಲ್ಲಿ ನಿಂತ್ರೆ ಮಳೆ ಹುಯ್ದಂಗೆ ಶಬ್ದ, ಅಷ್ಟು ತಿಂತವೆ. ಅದು ಬೇರೆ ವಿಷ್ಯ.

ನಾಲ್ಕನೇ ಜ್ವರದ ರಾತ್ರಿ ಕಾಲು ತೊಳ್ಕೊಂಡು, ಹುಳಕ್ಕೆ ಕಾಟ ಕೊಡೋ ಊಜಿ ನೊಣ ಬರ್ದಂಗೆ ಕಟ್ಟಿರೋ ಪರದೆ ಸರಿಸಿ ಒಳಗೆ ಹೋಗಿ, ತೀರಾ ಹತ್ರದಿಂದ ತೆಗೆಯೋ ಮ್ಯಾಕ್ರೋ ಲೆನ್ಸ್ ಹಾಕಿ ಎಂಟು ನಿಮಿಷ ಬಿಟ್ಟೆ. ಎಂಟು ನಿಮಿಷದಲ್ಲಿ ಮನುಷ್ಯನ ಉಸಿರೂ ಬ್ಲರ್ ಆಗುತ್ತೆ. ಇಲ್ಲಿ ಸುಮಾರು ಅರವತ್ತು ಹುಳ, ಎತ್ತಿದ ತಲೆ, ಮೈಮೇಲಿನ ಸುಣ್ಣದ ಒಂದೊಂದು ಕಣ, ಹಳೇ ಚರ್ಮ ಸಡಿಲ ಆಗಿ ಮೂತಿ ಹತ್ರ ನೆರಿಗೆ ಬಿದ್ದಿರೋದು, ಎಲ್ಲ ಸೂಜಿ ಮೊನೆಯಷ್ಟು ಚೂಪು. ಎಡಗಡೆ ಮೂಲೇಲಿ ಒಂದೇ ಒಂದು ಹುಳದ ತಲೆ ಮಸುಕು. ನಂಗೆ ಎದೆ ಝಲ್ ಅಂತು, ಇದೇ ನಾನು ಅಂತ ಏನೇನೋ ಅನ್ಸಿ ಅಮ್ಮಂಗೆ ತೋರಿಸಿದೆ. "ಅದು ಸೀಕು ಹುಳ ಕಣೋ, ಎಲ್ಲೈತೆ ತೋರ್ಸು, ಆಯ್ದು ಬಿಸಾಕ್ತೀನಿ" ಅಂದ್ಲು.

ಪ್ರಿಂಟ್ ಮಾಡ್ಸೋ ಕಥೆ ಉದ್ದ ಇದೆ, ಚಿಕ್ಕದಾಗಿ ಹೇಳ್ತೀನಿ. ಮದುವೆ ಆಲ್ಬಮ್ಮಿನ ಗ್ಲಾಸಿ ಪೇಪರಲ್ಲಿ ಇವು ಸತ್ತೋಗ್ತವೆ, ಕತ್ತಲೆ ಇರೋ ಕಡೆ ನೋಡೋನ ಮುಖ ಕಾಣುತ್ತೆ. ಹತ್ತಿಯಿಂದ ಮಾಡಿದ ಹೊಳಪಿಲ್ಲದ ಮ್ಯಾಟ್ ಪೇಪರ್, 308 ಜಿಎಸ್‌ಎಂ ದಪ್ಪದ್ದು, ಪಿಗ್ಮೆಂಟ್ ಇಂಕ್ ಬೇಕಿತ್ತು. ಮ್ಯಾಟಲ್ಲಿ ಗ್ಲಾಸಿಯಷ್ಟು ಗಾಢ ಕಪ್ಪು ಬರಲ್ಲ, ನಂಗೆ ಅದೇ ಬೇಕಾಗಿದ್ದಿದ್ದು. ಎದ್ದಿರೋನಿಗೆ ರಾತ್ರಿ ಯಾವತ್ತೂ ಪೂರ್ತಿ ಕಪ್ಪು ಇರಲ್ಲ, ಅರ್ಧ ಗಂಟೇಲಿ ಕಣ್ಣು ಹೊಂದ್ಕೊಂಡು ಹಂಚಿನ ಸಾಲು ಎಣಿಸಬಹುದು. ಬೆಂಗಳೂರಲ್ಲಿ ಒಂದು ಲ್ಯಾಬಿಗೆ ಕೊಟ್ಟೆ. ವಾರ ಬಿಟ್ಟು ಹೋದ್ರೆ ಹುಡುಗ ನಗ್ತಾ "ಸಾರ್ ತುಂಬಾ ಡಾರ್ಕ್ ಇತ್ತು, ನಾನೇ ಬ್ರೈಟ್ ಮಾಡ್ಬಿಟ್ಟಿದೀನಿ" ಅಂದ. ನನ್ನ ರಾತ್ರಿ ಎಲ್ಲ ಸಂಜೆ ಆರೂವರೆ ಆಗಿತ್ತು. ಎರಡನೇ ಸಲ ಪಕ್ಕದಲ್ಲೇ ನಿಂತು ಮಾಡಿಸಿದೆ. ಐದೈದೇ ಕಾಪಿ, ಕೆಳಗೆ ಪೆನ್ಸಿಲಲ್ಲಿ ನಂಬರ್ ಹಾಕಿ ಸೈನ್. ಒಬ್ಬ ಸ್ನೇಹಿತ ರೇಷ್ಮೆ ಬಟ್ಟೆ ಮೇಲೆ ಪ್ರಿಂಟ್ ಹಾಕ್ಸು ಶಿಡ್ಲಘಟ್ಟದೋನು ಅಂತ ಗೊತ್ತಾಗ್ಲಿ ಅಂದ, ಅವನ ಜೊತೆ ಒಂದು ವಾರ ಮಾತು ಬಿಟ್ಟೆ.

ಗ್ಯಾಲರಿ ಬಾಡಿಗೆ ಕೇಳಿ ಸುಮ್ನಾದೆ. ಒಂದು ಬೆಳೆ ಮುಗಿದು ಇನ್ನೊಂದು ಚಾಕಿ, ಅಂದ್ರೆ ಮರಿ ಹುಳ, ಬರೋವರೆಗೆ ಹುಳುಮನೆ ಖಾಲಿ ಇರುತ್ತಲ್ಲ, ಬ್ಲೀಚಿಂಗ್ ಪೌಡರ್ ಹೊಡೆದು ತೊಳೆದು ಒಣಗೋಕೆ ಬಿಟ್ಟಿರ್ತಾರೆ, ಅಲ್ಲೇ ತಂತಿ ಎಳೆದು ಬಟ್ಟೆ ಕ್ಲಿಪ್ಪಲ್ಲಿ ಹದಿನಾಲ್ಕು ಪ್ರಿಂಟ್ ನೇತು ಹಾಕ್ದೆ. ಮೂರು ದಿನ. ಬೆಂಗಳೂರಿಂದ ಯಾರೂ ಬರ್ಲಿಲ್ಲ. ಊರೋರು ಬಂದ್ರು, ಮೊದಲ ದಿನ ಕಾಫಿಗೆ, ಎರಡನೇ ದಿನ ಸುಮ್ಮನೆ. ಒಬ್ರೂ ಚೆನ್ನಾಗಿದೆ ಅನ್ನಲಿಲ್ಲ, ಎಲ್ಲರೂ ಅವರವರ ರಾತ್ರಿ ಹೇಳೋಕೆ ಶುರು ಮಾಡಿದ್ರು. ನೂಲು ತೆಗೆಯೋ ಘಟಕಕ್ಕೆ ಹೋಗೋ ಒಬ್ಬಾಕೆ ಬೆಳಗಿನ ಜಾವ ಎದ್ದು ಎದ್ದು ಈಗ ಭಾನುವಾರಾನೂ ಮೂರಕ್ಕೇ ಎಚ್ಚರ ಆಗುತ್ತೆ, ಎದ್ದು ಕೂತು ಕೈ ನೋಡ್ಕೊಳ್ತೀನಿ ಅಂದ್ಲು, ಬಿಸಿ ನೀರಲ್ಲಿ ಗೂಡು ತಿರುವಿ ತಿರುವಿ ಬೆಳ್ಳಗೆ ಸುಕ್ಕಾದ ಕೈ. ಹುಳದ ಫೋಟೋ ಮುಂದೆ ಮಾತ್ರ ಎಲ್ಲರೂ ಬೆಳೆ ಲೆಕ್ಕ ಹಾಕಿದ್ರು, ಎಷ್ಟು ಮೊಟ್ಟೆ, ಎಷ್ಟು ಕೆಜಿ ಬಂತು, ಏನು ರೇಟಿಗೆ ಹೋಯ್ತು.

ಅಪ್ಪ ಕೊನೇ ದಿನ ಸಂಜೆ ಬಂದ್ರು. ಗಡಿಯಾರದ ಮುಂದೆ ಬಹಳ ಹೊತ್ತು ನಿಂತಿದ್ರು.

"ಮುಳ್ಳೆಲ್ಲಿ?"

ಒಂದು ಗಂಟೆ ಕ್ಯಾಮೆರಾ ತೆರೆದಿಟ್ಟಿದ್ದೆ ಅಪ್ಪ, ಅಲುಗಾಡೋದು ಬೀಳಲ್ಲ ಅಂದೆ.

"ಒಂದು ಗಂಟೆ ಸುಮ್ಕೆ ಕುಂತಿದ್ಯಾ?"

ಹೂಂ ಅಂದೆ. ಏಳು ತಿಂಗಳು ಸೋಮಾರಿ ಅನ್ನಿಸ್ಕೊಂಡಿದ್ದೆನಲ್ಲ, ಏನೋ ಅಂತಾರೆ ಅಂತ ಕಾದೆ. ಅವರು ಮಂಚದ ಫೋಟೋ ಕಡೆ ತಿರುಗಿ, "ಹೆಂಗೂ ಎದ್ದೇ ಇರ್ತೀಯಲ್ಲಪ್ಪ, ನಾಳೆಯಿಂದ ಮೋಟ್ರು ನೀನೇ ಹಾಕು" ಅಂದ್ರು.

ಹಾಕ್ತಿದೀನಿ. ನಮ್ಮ ಕಡೆ ಬೋರ್ ಸಾವಿರ ಅಡಿ ದಾಟಿ ಹೋಗಿರುತ್ತೆ, ನೀರು ಮೇಲೆ ಬರೋಕೆ ಸ್ವಲ್ಪ ಹೊತ್ತು ಪೈಪು ಬರೀ ಗಾಳಿ ಉಗುಳುತ್ತೆ, ಆ ಶಬ್ದಾನೂ ನಂಗೀಗ ಅಭ್ಯಾಸ. ನಿದ್ದೆ ಈಗ ನಾಲ್ಕೂವರೆ ಗಂಟೆ ಬರ್ತಿದೆ, ಕೆಲವು ದಿನ ಐದು. ಮೋಟ್ರು ಹಾಕಿ ಬಂದ್ರೆ ಪಡಸಾಲೇಲಿ ಅಪ್ಪ ಮಲಗಿರ್ತಾರೆ. ಮೊದಲೆಲ್ಲ ಕರೆಂಟ್ ಬಂತಾ ಅಂತ ಗಳಿಗೆಗೊಂದು ಸಲ ಎದ್ದು ಸ್ಟಾರ್ಟರ್ ಹತ್ರ ಹೋಗ್ತಿದ್ದ ಮನುಷ್ಯ, ನಾನು ಹುಟ್ಟಿದಾಗಿಂದ ಅವರು ರಾತ್ರಿ ಪೂರ್ತಿ ಮಲಗಿದ್ದನ್ನ ನೋಡಿದ ನೆನಪಿಲ್ಲ.

ಹೋದ ತಿಂಗಳು ಬಾಗಿಲ ಹತ್ರ ಟ್ರೈಪಾಡ್ ಇಟ್ಟು ನಲವತ್ತು ನಿಮಿಷ ತೆಗೆದೆ. ಎದೆ ಮಾತ್ರ ಸ್ವಲ್ಪ ಮಸುಕಾಗಿದೆ, ಉಸಿರಿಗೆ. ಹೆಗಲ ಮೇಲಿನ ಟವಲ್ಲಿನ ಎಳೆ, ಕಿವಿ ಕೂದಲು, ಬೆರಳ ಸಂದಿಯ ಒಣಗಿದ ಕೆಸರು, ಎಲ್ಲಾ ಬಂದಿದೆ. ಬೆಳಿಗ್ಗೆ ತೋರಿಸಿದ್ರೆ ಕನ್ನಡಕ ಹಾಕ್ಕೊಂಡು ನೋಡಿ, "ಥೂ ಬಾಯಿ ತಕ್ಕೊಂಡು ಬಿದ್ದಿದೀನಿ, ಇದನ್ನ ಯಾರ್ಗೂ ತೋರಿಸ್ಬೇಡ" ಅಂದ್ರು. ಅದಕ್ಕೇ ಆ ಒಂದು ಫೋಟೋ ಇಲ್ಲಿ ಹಾಕಿಲ್ಲ.